ಎಲ್ಲ ಮಕ್ಕಳಿಗೂ ರಂಗಸ್ಥಳ: ಕಲಾಕಾರ್ಯಕ್ರಮಗಳಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಪಾಲು

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಕಲಾಕಾರ್ಯಕ್ರಮವೆಂಬುದು ಕೇವಲ ಮನರಂಜನೆಯಲ್ಲ. ಕಚೇರಿಯ ವ್ಯವಹಾರ, ಬಸ್ಸಿನ ಫಲಕ, ಪೇಟೆಯ ಮಾತು ಬೇರೆ ಭಾಷೆಯಲ್ಲಿರುವ ಊರುಗಳಲ್ಲಿ ಪಠ್ಯಪುಸ್ತಕದ ಹೊರಗೆ ಪ್ರೌಢ ಕನ್ನಡವು ಮಗುವಿನ ಕಿವಿಗೆ ಬೀಳುವುದು ಹೆಚ್ಚಾಗಿ ಯಕ್ಷಗಾನ, ದೊಡ್ಡಾಟ, ಭಜನೆ, ನಾಟಕಗಳ ಮೂಲಕವೇ. ಇಂಥ ಕಾರ್ಯಕ್ರಮದಿಂದ ದೂರ ಉಳಿಯುವ ಅಂಗವಿಕಲ ಮಗುವಿಗೆ ಆಗುವ ನಷ್ಟ ಎರಡು ಬಗೆಯದು: ಗೆಳೆಯರ ಸಂತೋಷದಲ್ಲಿ ಅದಕ್ಕೆ ಪಾಲಿಲ್ಲ, ತನ್ನ ಭಾಷೆಯ ಸಂಪತ್ತಿನಲ್ಲಿಯೂ ಪಾಲಿಲ್ಲ. ಆದುದರಿಂದ ಕಾರ್ಯಕ್ರಮವನ್ನು ಎಲ್ಲ ಮಕ್ಕಳಿಗೂ ತಲುಪುವಂತೆ ಯೋಜಿಸುವುದು ಭಾಷಾಶಿಕ್ಷಕರ ಕರ್ತವ್ಯದ ಒಂದು ಅಂಗವೇ ಆಗಿದೆ.

ಕಾನೂನು ಹೇಳುವುದೇನು?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 16ನೆಯ ಕಲಮು ಶಿಕ್ಷಣದ ಜೊತೆಗೆ ಆಟೋಟ ಮತ್ತು ಮನೋಲ್ಲಾಸದ ಚಟುವಟಿಕೆಗಳಲ್ಲಿಯೂ ಇತರರಿಗೆ ಸಮಾನವಾದ ಅವಕಾಶ ಇರಬೇಕೆನ್ನುತ್ತದೆ. 29ನೆಯ ಕಲಮು ಸಾಂಸ್ಕೃತಿಕ ಜೀವನವನ್ನು ಕುರಿತದ್ದು. ಕಲೆಯನ್ನು ಅಂಗವಿಕಲರಿಗೆ ಎಟುಕುವಂತೆ ಮಾಡುವುದು, ಅಂಗವಿಕಲ ಕಲಾವಿದರಿಗೂ ಬರಹಗಾರರಿಗೂ ಬೆಂಬಲ ನೀಡುವುದು, ಕಲಾವಿಷಯಗಳ ಪಾಠಕ್ರಮವನ್ನು ಅವರು ಭಾಗವಹಿಸಲು ಆಗುವಂತೆ ಮಾರ್ಪಡಿಸುವುದು ಅದರಲ್ಲಿ ಸೇರಿವೆ. ಗಮನಿಸಬೇಕಾದ ಅಂಶವೆಂದರೆ, ಈ ಕಾನೂನಿನ ದೃಷ್ಟಿಯಲ್ಲಿ ಅಡ್ಡಿ ಇರುವುದು ಮಗುವಿನ ದೇಹದಲ್ಲಿ ಮಾತ್ರವಲ್ಲ, ಸುತ್ತಲಿನ ಏರ್ಪಾಡಿನಲ್ಲಿಯೂ ಇದೆ. ಮೆಟ್ಟಿಲನ್ನು ಮಾತ್ರ ಕಟ್ಟಿದವರು ಗಾಲಿಕುರ್ಚಿಯ ಮಗುವನ್ನು ತಿಳಿಯದೆಯೇ ಹೊರಗಿಟ್ಟಿರುತ್ತಾರೆ.

ಒಂದು ನಿದರ್ಶನ: ಕಾಸರಗೋಡಿನ ಯಕ್ಷಗಾನ

ಈ ಮಾತು ಕಾಸರಗೋಡಿನ ಮಟ್ಟಿಗೆ ಹೆಚ್ಚು ತೀವ್ರವಾದದ್ದು. ಅಲ್ಲಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಕೀಟನಾಶಕವನ್ನು ಆಕಾಶದಿಂದ ಸಿಂಪಡಿಸಲಾಯಿತು. ಪೀಡಿತವೆಂದು ಗುರುತಿಸಲಾದ ಪಂಚಾಯತುಗಳಲ್ಲಿ ಕನ್ನಡ ಶಾಲೆಗಳಿರುವ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳೂ ಸೇರಿವೆ. ಸ್ಥಳೀಯ ಸಂಸ್ಥೆಗಳು ನಡೆಸುವ ಬಡ್ಸ್ ಶಾಲೆಗಳಲ್ಲಿ ಇಂಥ ಮನೆಗಳ ಮಕ್ಕಳು ಕಲಿಯುತ್ತಾರೆ. ಅದೇ ನೆಲ ತೆಂಕುತಿಟ್ಟಿನ ಯಕ್ಷಗಾನದ ತವರು. ಪಾರ್ತಿಸುಬ್ಬನ ಕುಂಬಳೆ ಇರುವುದು ಅಲ್ಲಿಯೇ. ಶಾಲೆಯಲ್ಲಿ ಒಂದು ಆಟವನ್ನು ಆಡಿಸುವುದೆಂದು ಭಾವಿಸಿ, ಪ್ರತಿಯೊಬ್ಬ ಮಗುವಿಗೂ ಅದು ತಲುಪಲು ಏನೇನು ಬೇಕೆಂಬುದನ್ನು ಪರಿಶೀಲಿಸಬಹುದು.

ಮೊದಲನೆಯದು ಸ್ಥಳ. ಇಳಿಜಾರು ಹಾದಿಗೆ ಒಪ್ಪಿತವಾದ ಪ್ರಮಾಣ 1:12. ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ವೇದಿಕೆ 2 ಅಡಿ ಎತ್ತರವಿದ್ದರೆ ಹಾದಿ 24 ಅಡಿ ಉದ್ದವಿರಬೇಕು. ಮೆಟ್ಟಿಲಿನ ಮೇಲೆ ಹಲಗೆಯೊಂದನ್ನು ಒರಗಿಸಿದರೆ ಸಾಲದು; ಅದು ಅಪಾಯಕರ. ಅಷ್ಟು ಉದ್ದದ ಹಾದಿಗೆ ಜಾಗವಿಲ್ಲದಿದ್ದರೆ ಪರಿಹಾರ ಕಲೆಯೊಳಗೇ ಇದೆ. ಬಯಲಾಟಕ್ಕೆ ಎತ್ತರದ ವೇದಿಕೆ ಅನಿವಾರ್ಯವಲ್ಲ. ಸಮತಟ್ಟಾದ ಅಂಗಳದಲ್ಲಿಯೇ ರಂಗಸ್ಥಳವನ್ನು ಗುರುತಿಸಿದರೆ ಹತ್ತುವ ಪ್ರಶ್ನೆಯೇ ಏಳುವುದಿಲ್ಲ. ಗಾಲಿಕುರ್ಚಿಯ ಮಗುವಿಗೆ ಸಭೆಯ ಹಿಂದುಗಡೆ ಒಂಟಿಯಾಗಿ ಜಾಗ ಕೊಡದೆ, ಸಹಪಾಠಿಗಳ ಸಾಲಿನ ನಡುವೆಯೇ ಒಂದು ಕುರ್ಚಿಯನ್ನು ತೆಗೆದು ಸ್ಥಳ ಮಾಡಬೇಕು. ಶೌಚಾಲಯದವರೆಗಿನ ದಾರಿಯನ್ನೂ ಮುಂಚಿತವಾಗಿ ಪರೀಕ್ಷಿಸಬೇಕು. ಅನೇಕ ಮಕ್ಕಳು ಕಾರ್ಯಕ್ರಮಕ್ಕೆ ಬಾರದಿರಲು ಈ ಒಂದೇ ಕಾರಣ ಸಾಕಾಗುತ್ತದೆ.

ಎರಡನೆಯದು ದೃಷ್ಟಿ. ಕಾಣದ ಮಗುವಿಗೆ ಭಾಗವತರ ಪದ್ಯವೂ ಅರ್ಥಗಾರಿಕೆಯೂ ನೇರವಾಗಿ ತಲುಪುತ್ತವೆ. ತಲುಪದಿರುವುದು ವೇಷ ಮತ್ತು ಕುಣಿತ. ಆಟಕ್ಕೆ ಮೊದಲು ಕಲಾವಿದರ ಒಪ್ಪಿಗೆ ಪಡೆದು ಮಗುವನ್ನು ಚೌಕಿಗೆ ಕರೆದೊಯ್ದು ಕಿರೀಟ, ಭುಜಕೀರ್ತಿ, ಗೆಜ್ಜೆಗಳನ್ನು ಮುಟ್ಟಿನೋಡಲು ಬಿಟ್ಟರೆ, ಮುಂದೆ ಗೆಜ್ಜೆಯ ಸದ್ದು ಕೇಳಿದಾಗ ಅದರ ಮನಸ್ಸಿನಲ್ಲಿ ಒಂದು ಆಕೃತಿ ಮೂಡುತ್ತದೆ. ಆಟದ ನಡುವೆ ಪಕ್ಕದಲ್ಲಿ ಕುಳಿತ ಸಹಪಾಠಿಯೊಬ್ಬ ಮಾತಿಲ್ಲದ ಎಡೆಗಳಲ್ಲಿ ಮಾತ್ರ ಮೆಲುದನಿಯಲ್ಲಿ ವರ್ಣಿಸಬೇಕು: ಯಾರು ಪ್ರವೇಶಿಸಿದರು, ಯಾರು ಬಾಣ ಹೂಡಿದರು ಎಂಬಷ್ಟು ಸಾಕು. ಅಭಿಪ್ರಾಯ ಬೇಡ, ಕಂಡದ್ದನ್ನು ಹೇಳಿದರೆ ಸಾಕು. ಹೀಗೆ ವರ್ಣಿಸುವ ಮಗುವಿಗೂ ಇದು ಉತ್ತಮ ಭಾಷಾಭ್ಯಾಸ.

ಮೂರನೆಯದು ಶ್ರವಣ. ಕೇಳದ ಮಗುವಿಗೆ ವೇಷ, ಬಣ್ಣ, ಅಭಿನಯಗಳು ದಕ್ಕುತ್ತವೆ, ಕಥೆ ತಪ್ಪಿಹೋಗುತ್ತದೆ. ಪ್ರಸಂಗದ ಸಾರಾಂಶವನ್ನು ಸರಳ ಕನ್ನಡದಲ್ಲಿ, ದೃಶ್ಯಗಳ ಕ್ರಮದಲ್ಲಿ ಬರೆದು ಹಿಂದಿನ ದಿನವೇ ಕೊಡಬೇಕು. ಚೆಂಡೆಯ ಸಮೀಪ ಮರದ ಹಲಗೆಯ ಮೇಲೆ ಕುಳಿತರೆ ಪೆಟ್ಟಿನ ಕಂಪನ ಮೈಗೆ ತಾಕುತ್ತದೆ. ಕೆಲವು ಮಕ್ಕಳು ಅದನ್ನು ಬಹಳ ಇಷ್ಟಪಡುತ್ತಾರೆ. ಇದಕ್ಕೆ ವಿರುದ್ಧವಾಗಿ, ಸ್ವಲೀನತೆಯುಳ್ಳ ಮಗುವಿಗೆ ಅದೇ ಚೆಂಡೆ ಅಸಹನೀಯವಾಗಬಹುದು. ಅಂಥ ಮಗುವಿಗೆ ಬಾಗಿಲಿನ ಸಮೀಪ ಜಾಗ, ಬೇಕೆನಿಸಿದಾಗ ಎದ್ದುಹೋಗಿ ಮರಳಿ ಬರುವ ಸ್ವಾತಂತ್ರ್ಯ, ಕುಳಿತು ಸಮಾಧಾನಪಡಲು ಒಂದು ನಿಶ್ಶಬ್ದ ಕೋಣೆ ಅಗತ್ಯ. ಒಂದೇ ಉಪಾಯ ಎಲ್ಲರಿಗೂ ಒಗ್ಗುವುದಿಲ್ಲ. ಮಗುವನ್ನೂ ಪೋಷಕರನ್ನೂ ಕೇಳಿಯೇ ನಿರ್ಧರಿಸಬೇಕು.

ಗಡಿನಾಡಿನ ವಿಶೇಷ ತೊಡಕು

ಸಂಜ್ಞಾಭಾಷೆಯ ದುಭಾಷಿಗಳನ್ನು ಕರೆಸುವ ಶಾಲೆಗೆ ಒಂದು ತೊಡಕು ಎದುರಾಗುತ್ತದೆ. ಭಾರತೀಯ ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ. ಅದು ಕನ್ನಡದ ಅಥವಾ ಮರಾಠಿಯ ಕೈರೂಪವಲ್ಲ. ಆದರೆ ಸೊಲ್ಲಾಪುರದಲ್ಲಿ ದೊರೆಯುವ ದುಭಾಷಿಗೆ ಮರಾಠಿ, ಕಾಸರಗೋಡಿನಲ್ಲಿ ದೊರೆಯುವವರಿಗೆ ಮಲಯಾಳ ಮಾತ್ರ ತಿಳಿದಿರಬಹುದು. ವೇದಿಕೆಯ ಕನ್ನಡ ಅವರಿಗೆ ಅರ್ಥವಾಗದಿದ್ದರೆ ಮಗುವಿಗೆ ಏನೂ ಮುಟ್ಟದು. ನಾಟಕದ ಪಠ್ಯವನ್ನು ದೃಶ್ಯವಾರು ಅವರ ಭಾಷೆಗೆ ಅನುವಾದಿಸಿ ಒಂದು ವಾರ ಮೊದಲೇ ಕಳುಹಿಸುವುದು ಎರಡೂ ಭಾಷೆ ಬಲ್ಲ ಶಿಕ್ಷಕರಿಗೆ ಸಾಧ್ಯವಾದ ಕೆಲಸ. ದುಭಾಷಿ ನಿಲ್ಲುವ ಎಡೆಗೆ ಬೆಳಕಿರಬೇಕು. ನಟರೂ ದುಭಾಷಿಯೂ ಒಂದೇ ನೋಟಕ್ಕೆ ಸಿಗಬೇಕು.

ಬ್ರೈಲ್ ಲಿಪಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಅನುಕೂಲವಿದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಪದ್ಧತಿಯಲ್ಲಿ ಭಾರತೀಯ ಭಾಷೆಗಳ ಸಮಾನ ಧ್ವನಿಗಳಿಗೆ ಬಹುಮಟ್ಟಿಗೆ ಒಂದೇ ಚುಕ್ಕಿಗಳ ಜೋಡಣೆ ಇದೆ. ಕನ್ನಡದ ‘ಕ’ ಮತ್ತು ಮರಾಠಿಯ ‘ಕ’ ಬೆರಳಿಗೆ ಒಂದೇ. ಆದುದರಿಂದ ನೆರೆಯ ಭಾಷೆಯ ಬ್ರೈಲ್ ಬಲ್ಲ ಸಂಪನ್ಮೂಲ ಶಿಕ್ಷಕರ ನೆರವಿನಿಂದಲೂ ಕನ್ನಡದ ಹಾಡು, ಸಂಭಾಷಣೆಗಳನ್ನು ಸಿದ್ಧಪಡಿಸಬಹುದು. ಕನ್ನಡ ಬಲ್ಲ ಶಿಕ್ಷಕರು ಜೊತೆಯಲ್ಲಿ ಕುಳಿತು ಕಾಗುಣಿತವನ್ನು ನೋಡಿಕೊಂಡರಾಯಿತು.

ಪ್ರೇಕ್ಷಕರಷ್ಟೇ ಅಲ್ಲ, ಕಲಾವಿದರೂ

ಅಂಗವಿಕಲ ಮಗುವಿಗೆ ನೋಡಲು ಜಾಗ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ದೃಷ್ಟಿಯಿಲ್ಲದವರು. ಅವರು ತಾವು ಹಾಡಿದ್ದಷ್ಟೇ ಅಲ್ಲ, ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅವರನ್ನು ಕಲಾವಿದರನ್ನಾಗಿ ರೂಪಿಸಿದರು. ಕರುಣೆಯಿಂದ ಕೊಟ್ಟ ಚಪ್ಪಾಳೆಗೂ ಕಲಿಸಿ ಪಡೆದ ಚಪ್ಪಾಳೆಗೂ ಇರುವ ಅಂತರವನ್ನು ಆ ಪರಂಪರೆ ತೋರಿಸಿಕೊಟ್ಟಿದೆ.

ಶಾಲೆಯಲ್ಲಿ ಇದಕ್ಕೆ ದಾರಿಗಳುಂಟು. ತಾಳಮದ್ದಳೆಗೆ ವೇಷವೂ ಇಲ್ಲ, ಕುಣಿತವೂ ಇಲ್ಲ. ಕುಳಿತೇ ಅರ್ಥ ಹೇಳುವ ಆ ಕಲೆಯಲ್ಲಿ ನಡೆಯಲಾರದ ಮಗುವೂ ಕಾಣಲಾರದ ಮಗುವೂ ಎಲ್ಲರಿಗೆ ಸಮಾನವಾಗಿ ವಾದಿಸಬಹುದು. ಕಾಣದ ಮಗು ವೇದಿಕೆಯ ಮೇಲೆ ಚಲಿಸಬೇಕಾದರೆ ಚಾಪೆಯ ಕೆಳಗೆ ತೆಳುವಾದ ಹಗ್ಗವನ್ನು ಎಡವದಂತೆ ಬಿಗಿಯಾಗಿ ಅಂಟಿಸಿ ಅಂಚನ್ನು ಗುರುತಿಸಬಹುದು. ಪಾದವೇ ಮಿತಿಯನ್ನು ತಿಳಿಯುತ್ತದೆ. ಕೇಳದ ಮಗು ನೃತ್ಯದಲ್ಲಿದ್ದರೆ ಎದುರಿಗೆ ನಿಂತು ತಾಳ ತೋರಿಸುವವರೊಬ್ಬರು ಬೇಕು.

ಪಠ್ಯದ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ಕುಂಟುವುದನ್ನು, ತೊದಲುವುದನ್ನು, ಕಿವುಡನ್ನು ನಗೆಗೆ ಬಳಸುವ ಹಾಸ್ಯ ಶಾಲಾ ನಾಟಕಗಳಲ್ಲಿ ಇನ್ನೂ ಕಾಣುತ್ತದೆ. 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಲನಚಿತ್ರವೊಂದಕ್ಕೆ ಸಂಬಂಧಿಸಿದ ತೀರ್ಪಿನಲ್ಲಿ, ಅಂಗವಿಕಲರನ್ನು ಕೀಳಾಗಿ ಕಾಣುವ ಹಾಸ್ಯಕ್ಕೂ ಅವರ ಬದುಕನ್ನು ಅರ್ಥಮಾಡಿಸುವ ಹಾಸ್ಯಕ್ಕೂ ಭೇದವಿದೆಯೆಂದು ವಿವರಿಸಿತು. ಸಭೆಯಲ್ಲಿ ಕುಳಿತ ಒಂದು ಮಗು ತನ್ನನ್ನೇ ಕುರಿತು ಎಲ್ಲರೂ ನಗುವುದನ್ನು ಕೇಳಬೇಕಾಗಿ ಬಂದರೆ, ಅದಕ್ಕಾಗಿ ಕಟ್ಟಿದ ಇಳಿಜಾರು ಹಾದಿ ವ್ಯರ್ಥ.

ಶಿಕ್ಷಕರಿಗೆ ಸೂಚನೆ

ಕಾರ್ಯಕ್ರಮದ ದಿನ ಗೊತ್ತಾದೊಡನೆ, ಪಾತ್ರ ಹಂಚುವುದಕ್ಕೂ ಮೊದಲು, ತರಗತಿಯ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಪ್ರತಿ ಹೆಸರಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಮಗು ಅಲ್ಲಿಗೆ ಹೇಗೆ ಬರುತ್ತದೆ? ಎಲ್ಲಿ, ಯಾರೊಡನೆ ಕುಳಿತುಕೊಳ್ಳುತ್ತದೆ? ನಡೆಯುವುದು ಅದಕ್ಕೆ ಹೇಗೆ ತಿಳಿಯುತ್ತದೆ? ಅದು ಏನು ಮಾಡಲು ಬಯಸುತ್ತದೆ? ಕೊನೆಯ ಪ್ರಶ್ನೆಯ ಉತ್ತರವನ್ನು ಮಗುವಿನ ಬಾಯಿಂದ ಅಥವಾ ಅದರ ಸಂಜ್ಞೆಯಿಂದಲೇ ಪಡೆಯಬೇಕು. ಆಮಂತ್ರಣ ಪತ್ರ ಅಚ್ಚಾದ ಮೇಲೆ ಯೋಚಿಸಿದರೆ ಪ್ರತಿಯೊಂದೂ ಖರ್ಚಾಗಿ, ತೊಂದರೆಯಾಗಿ ಕಾಣುತ್ತದೆ; ಮೊದಲೇ ಯೋಚಿಸಿದರೆ ಅದರಲ್ಲಿ ಬಹುಪಾಲು ಅಂಗಳವನ್ನೂ ಆಸನವನ್ನೂ ಜೋಡಿಸುವ ಕ್ರಮವಷ್ಟೇ.