ಡೀಸೆಲ್ ಗಾಡಿಗೆ ತಕ್ಕ ಎಣ್ಣೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಪ್ರಯಾಣಕ್ಕೆ ಹೊರಡಬಾರದೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹರಳೆಣ್ಣೆಯಲ್ಲಿ ಹುಲ್ಲು ಸುಟ್ಟ ಬೂದಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಗೆ ತೂಗುಹಾಕಿಕೊಂಡು ಅವರು ಸಂತೆಗೆ ಹೊರಡುತ್ತಿದ್ದರು. ಗಾಡಿ ಕಿರುಗುಟ್ಟಿತೆಂದರೆ ಎಣ್ಣೆ ಬೇಕೆಂದು ತಿಳಿಯುತ್ತಿತ್ತು. ಇಂದಿನ ಡೀಸೆಲ್ ಗಾಡಿಯು ಹಾಗೆ ಮುಂಚಿತವಾಗಿ ಕಿರುಗುಟ್ಟಿ ಎಚ್ಚರಿಸುವುದಿಲ್ಲ. ಅದು ಸದ್ದು ಮಾಡುವ ಹೊತ್ತಿಗೆ ಕೇಡು ಆಗಿಹೋಗಿರುತ್ತದೆ. ಆದುದರಿಂದ ಅದಕ್ಕೆ ತಕ್ಕ ಎಣ್ಣೆ ಯಾವುದೆಂಬುದನ್ನು ಮೊದಲೇ ಅರಿತಿರುವುದು ಅವಶ್ಯ. ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯು ಪುಣೆ-ಬೆಂಗಳೂರು ಹೆದ್ದಾರಿಗೆ ಹೊಂದಿದ ಊರು. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿರುವುದು ಅಲ್ಲಿಯೇ. ಕಲಾವಿದ ಟಿ. ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳೆಯ ಹಳ್ಳಿಯ ಬಾಳು ಆಳೆತ್ತರದ ಪ್ರತಿಮೆಗಳಾಗಿ ನಿಂತಿರುವುದೂ ಅಲ್ಲಿಯೇ. ನಾವು ಅದನ್ನು ನೋಡಿ ಹೊರಬಂದು ಚಹಾದ ಅಂಗಡಿಯ ಮುಂದೆ ನಿಂತಿದ್ದಾಗ ಒಬ್ಬ ಪಿಕಪ್ ಗಾಡಿಯ ಒಡೆಯನ ಪರಿಚಯವಾಯಿತು. ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ, ಉಳಿದ ದಿನಗಳಲ್ಲಿ ಹುಬ್ಬಳ್ಳಿಗೆ ಕಾಯಿಪಲ್ಯ, ಇದು ಆತನ ವೃತ್ತಿ. ಹಳೆಯ ಗಾಡಿಯನ್ನು ಮಾರಿ, ಸಾಲ ಮಾಡಿ, 2020ರ ತರುವಾಯ ಹೊಸದನ್ನು ಕೊಂಡಿದ್ದನು. ಹಳೆಯ ಗಾಡಿಗೆ ಹತ್ತು ವರ್ಷ ಹಾಕುತ್ತಿದ್ದ ದಪ್ಪ ಎಣ್ಣೆಯನ್ನೇ ಹೊಸದಕ್ಕೂ ಹಾಕಿಸಿದನು. ಎಂಜಿನಿನ ಬಲ ಹೆಚ್ಚುವುದೆಂದು ಯಾರೋ ಹೇಳಿದುದರಿಂದ ಒಂದು ಸೀಸೆ ಸೇರ್ಪಡೆ ದ್ರವ್ಯವನ್ನೂ ಪ್ರತಿ ಸಲ ಅದರಲ್ಲಿ ಸುರಿಸಿದನು. ಎರಡು ವರ್ಷ ಕಳೆಯುವಷ್ಟರಲ್ಲಿ ಎಚ್ಚರಿಕೆಯ ದೀಪ ಹತ್ತಿತು, ಎಳೆಯುವ ಶಕ್ತಿ ಕುಗ್ಗಿತು. ಮೆಣಸಿನಕಾಯಿಯ ಸುಗ್ಗಿಯ ನಡುವೆಯೇ ಗಾಡಿ ಹನ್ನೆರಡು ದಿನ ನಿಂತುಬಿಟ್ಟಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. "ಕಡಿಮೆಯದೇನನ್ನೂ ಹಾಕಲಿಲ್ಲವಲ್ಲ, ಸ್ವಾಮಿ, ಹೆಚ್ಚಿನದನ್ನೇ ಹಾಕಿದೆನಲ್ಲ!" ಎಂದು ಆತನು ನಮ್ಮನ್ನು ಕೇಳಿದನು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಎಂಜಿನಿನ ಒಳಗೆ ಎಣ್ಣೆಯು ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡಬೇಕು.

ಜರ್ಮನಿಯ ರುಡಾಲ್ಫ್ ಡೀಸೆಲನು 1892ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಬೇಡಿ, 1897ರಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಪೆಟ್ರೋಲ್ ಎಂಜಿನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿ ಬೇಕು. ಡೀಸೆಲನ ಯಂತ್ರದಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಾದುದರಿಂದ ಅಚ್ಚು, ಉಂಗುರ, ಬೇರಿಂಗುಗಳ ಮೇಲೆ ಬೀಳುವ ಭಾರವೂ ಹೆಚ್ಚು; ಉರಿಯುವ ರೀತಿಯಿಂದ ಮಸಿಯೂ ಹೆಚ್ಚು. ಇವುಗಳ ನಡುವೆ ಕೆಲವೇ ಮೈಕ್ರಾನುಗಳ, ಎಂದರೆ ತಲೆಗೂದಲಿಗಿಂತ ಬಹಳ ತೆಳ್ಳಗಿನ, ಎಣ್ಣೆಯ ಪೊರೆಯೊಂದು ಲೋಹವನ್ನು ಲೋಹಕ್ಕೆ ತಾಗದಂತೆ ಕಾಯುತ್ತದೆ. ಅದಲ್ಲದೆ ಎಣ್ಣೆಯು ಕಾವನ್ನು ಒಯ್ಯಬೇಕು, ಮಸಿಯನ್ನು ಹೊರಬೇಕು, ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಕೊಲ್ಲಬೇಕು. ಎತ್ತಿನ ಗಾಡಿಯ ಕೀಲೆಣ್ಣೆಗೆ ಇದ್ದುದು ಒಂದೇ ಕೆಲಸ, ಇದಕ್ಕೆ ನಾಲ್ಕಾರು.

ಎಣ್ಣೆಯ ಡಬ್ಬಿಯ ಮೇಲೆ ಮುಖ್ಯವಾಗಿ ಎರಡು ಗುರುತುಗಳಿರುತ್ತವೆ. ಮೊದಲನೆಯದು ದಪ್ಪವನ್ನು ತಿಳಿಸುತ್ತದೆ. ದ್ರವವು ಹರಿಯಲು ಒಡ್ಡುವ ತಡೆಗೆ ಸ್ನಿಗ್ಧತೆಯೆಂದು ಹೆಸರು. ಜೇನು ನಿಧಾನವಾಗಿಯೂ ನೀರು ಬೇಗನೆಯೂ ಹರಿಯುವುದು ಇದರ ಭೇದದಿಂದಲೇ. ಅಮೆರಿಕದ ವಾಹನ ಎಂಜಿನಿಯರರ ಸಂಘವಾದ ಎಸ್‌ಎಇಯು 1911ರಷ್ಟು ಹಿಂದೆಯೇ ಎಣ್ಣೆಗಳನ್ನು ವರ್ಗೀಕರಿಸಲು ಆರಂಭಿಸಿತು. 15ಡಬ್ಲ್ಯು-40 ಎಂಬ ಗುರುತಿನಲ್ಲಿ ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. ಅದರ ಹಿಂದಿನ ಅಂಕಿಯು ತಣ್ಣಗಿರುವಾಗಿನ ಹರಿವನ್ನೂ, ಮುಂದಿನ ಅಂಕಿಯು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿರುವ ದಪ್ಪವನ್ನೂ ಹೇಳುತ್ತವೆ. 5ಡಬ್ಲ್ಯು-30 ಎಂಬುದು ಇದಕ್ಕಿಂತ ತೆಳ್ಳಗಿನ ಎಣ್ಣೆ. ಹಾವೇರಿಯ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿಯೇ ಇಲ್ಲವಷ್ಟೆ, ಹಾಗಿರುವಾಗ ದಪ್ಪ ಎಣ್ಣೆಯಿಂದ ಬಾಧಕವೇನು, ಎಂದು ಕೆಲವರು ಕೇಳಬಹುದು. ಬಾಧಕವುಂಟು. ಮುಂಜಾನೆ ಎಂಜಿನನ್ನು ಹೊರಡಿಸಿದಾಗ ದಪ್ಪ ಎಣ್ಣೆಯು ಮೇಲಿನ ಭಾಗಗಳನ್ನು ತಡವಾಗಿ ತಲಪುತ್ತದೆ. ಆ ಹೊತ್ತಿನಲ್ಲಿಯೇ ಸವೆತ ಹೆಚ್ಚು. ಮೇಲಾಗಿ ತೆಳ್ಳಗಿನ ಎಣ್ಣೆಗೆಂದು ಕಿರಿದಾದ ಸಂದುಗಳನ್ನು ಬಿಟ್ಟು ಕಟ್ಟಿದ ಎಂಜಿನಿಗೆ ದಪ್ಪ ಎಣ್ಣೆ ಹಾಕಿದರೆ ಇಂಧನವೂ ವ್ಯರ್ಥವಾಗುವುದು. ಹಳೆಯ ಎಂಜಿನಿಗೆ ತೀರ ತೆಳ್ಳಗಿನದನ್ನು ಹಾಕುವುದೂ ಅಷ್ಟೇ ತಪ್ಪು. ದಪ್ಪವೆಂಬುದು ಗುಣವೂ ಅಲ್ಲ, ದೋಷವೂ ಅಲ್ಲ, ಅದೊಂದು ಅಳತೆ. ದೊಡ್ಡ ಚಪ್ಪಲಿಯು ಸಣ್ಣದಕ್ಕಿಂತ ಶ್ರೇಷ್ಠವೆಂದು ಯಾರೂ ಹೇಳುವುದಿಲ್ಲವಲ್ಲವೆ?

ಎರಡನೆಯ ಗುರುತು ಎಣ್ಣೆಯ ದರ್ಜೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐಯು ಡೀಸೆಲ್ ಎಣ್ಣೆಗಳಿಗೆ ಸಿ ಅಕ್ಷರದಿಂದ ಮೊದಲಾಗುವ ದರ್ಜೆಗಳನ್ನು ಕೊಟ್ಟಿದೆ. ಸಿಐ-4 ಎಂಬುದು 2002ರಲ್ಲಿಯೂ, ಸಿಜೆ-4 2006ರಲ್ಲಿಯೂ, ಸಿಕೆ-4 2016ರಲ್ಲಿಯೂ ಬಂದವು. ಯೂರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯು ಬೇರೆ ದರ್ಜೆಗಳನ್ನು ಇಟ್ಟಿದೆ. ಅದರಲ್ಲಿ ಸಿ ವರ್ಗದವು ಮಸಿ ಹಿಡಿಯುವ ಶೋಧಕವುಳ್ಳ ಸಣ್ಣ ವಾಹನಗಳಿಗೆಂದು ಏರ್ಪಟ್ಟವು. ಒಂದರ ಸಿ ಇನ್ನೊಂದರ ಸಿ ಅಲ್ಲವೆಂಬುದನ್ನು ಕೊಳ್ಳುವವರು ಮರೆಯಬಾರದು.

ಗೊಟಗೋಡಿಯ ಒಡೆಯನ ಗಾಡಿ ನಿಂತುದರ ಗುಟ್ಟು ಈ ದರ್ಜೆಯಲ್ಲಿಯೇ ಅಡಗಿದೆ. ಹಿಂದೆ ನಮ್ಮ ದೇಶದ ಡೀಸೆಲಿನಲ್ಲಿ ಗಂಧಕ ಹೆಚ್ಚಾಗಿತ್ತು. ಗಂಧಕ ಉರಿದರೆ ಆಮ್ಲ ಹುಟ್ಟುತ್ತದೆ. ಆಮ್ಲವು ಲೋಹವನ್ನು ತಿನ್ನುತ್ತದೆ. ಅದನ್ನು ಕೊಲ್ಲುವುದಕ್ಕಾಗಿ ಎಣ್ಣೆಯಲ್ಲಿ ಕ್ಯಾಲ್ಸಿಯಂ ಮೊದಲಾದ ಲೋಹಗಳ ಕ್ಷಾರವನ್ನು ಯಥೇಚ್ಛವಾಗಿ ಬೆರೆಸುತ್ತಿದ್ದರು. ಎಣ್ಣೆಯ ಸ್ವಲ್ಪ ಭಾಗ ಉಂಗುರಗಳನ್ನು ದಾಟಿ ಉರಿದಾಗ ಈ ಲೋಹಗಳು ಬೂದಿಯಾಗಿ ಹೊಗೆಯ ಕೊಳವೆಯಿಂದ ಹೊರಟುಹೋಗುತ್ತಿದ್ದವು. ಅದರಿಂದ ಎಂಜಿನಿಗೆ ಅಪಾಯವಿರಲಿಲ್ಲ. ಭಾರತ್ ಸ್ಟೇಜ್ 4ರ ಡೀಸೆಲಿನಲ್ಲಿ ಗಂಧಕವು ಹತ್ತು ಲಕ್ಷ ಭಾಗಕ್ಕೆ 50 ಭಾಗದ ಮಿತಿಗೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯವಾದ ಭಾರತ್ ಸ್ಟೇಜ್ 6ರಲ್ಲಿ ಅದು ಕೇವಲ 10 ಭಾಗಕ್ಕೆ ಇಳಿಯಿತು. ಇಂಧನ ಶುದ್ಧವಾದುದರಿಂದ ಹೊಗೆಯ ದಾರಿಯಲ್ಲಿ ಮಸಿಯನ್ನು ಹಿಡಿಯುವ ಶೋಧಕವನ್ನಿಡುವುದು ಸಾಧ್ಯವಾಯಿತು. ವ್ಯವಹಾರದಲ್ಲಿ ಇದನ್ನೇ ಡಿಪಿಎಫ್ ಎನ್ನುವರು.

ಈ ಶೋಧಕದ ಸಣ್ಣ ಸಣ್ಣ ರಂಧ್ರಗಳಲ್ಲಿ ಮಸಿ ತುಂಬಿದಾಗ ಎಂಜಿನಿನ ಯಂತ್ರಾಂಗಗಳೇ ಹೊಗೆಯ ಕಾವನ್ನು ಸುಮಾರು 600 ಡಿಗ್ರಿಯವರೆಗೆ ಏರಿಸಿ ಅದನ್ನು ಸುಟ್ಟುಹಾಕುತ್ತವೆ. ಮಸಿಯು ಇಂಗಾಲ; ಅದು ಸುಡುತ್ತದೆ. ಎಣ್ಣೆಯಿಂದ ಬಂದ ಬೂದಿಯು ಲೋಹದ ಅಂಶ. ಎಷ್ಟು ಕಾಯಿಸಿದರೂ ಅದು ಸುಡುವುದಿಲ್ಲ. ಒಲೆಯ ಬೂದಿಯನ್ನು ಮತ್ತೆ ಒಲೆಗೆ ಹಾಕಿ ಉರಿಸುವುದುಂಟೆ? ಹೀಗೆ ಬೂದಿ ದಿನದಿನಕ್ಕೆ ಶೋಧಕದಲ್ಲಿ ಕೂಡುತ್ತ ಬಂದು ಕಡೆಗೆ ಎಂಜಿನಿಗೆ ಉಸಿರುಕಟ್ಟುತ್ತದೆ. ಶೋಧಕ ಮುಚ್ಚಿಕೊಳ್ಳುವುದಕ್ಕೆ ಬೇರೆ ಕಾರಣಗಳೂ ಉಂಟು. ಕಾವೇರಲು ಎಡೆಗೊಡದೆ ಸಮೀಪದಲ್ಲಿಯೇ ಓಡಾಡುವುದು ಅವುಗಳಲ್ಲೊಂದು. ಆದರೆ ಮಸಿಯಿಂದಾದ ತಡೆಗೆ ಹೆದ್ದಾರಿಯ ಓಟವೇ ಔಷಧವಾಗಬಹುದು. ಬೂದಿಯಿಂದಾದ ತಡೆಗೆ ಶೋಧಕವನ್ನು ಬಿಚ್ಚಿ ತೊಳೆಯಿಸುವುದು ಅಥವಾ ಬದಲಾಯಿಸುವುದು ಬಿಟ್ಟರೆ ಬೇರೆ ಉಪಾಯವಿಲ್ಲ. ಆದುದರಿಂದಲೇ ಸಿಜೆ-4, ಸಿಕೆ-4 ದರ್ಜೆಗಳಲ್ಲಿ ಬೂದಿಯು ನೂರಕ್ಕೆ 1 ಭಾಗವನ್ನು ಮೀರಬಾರದೆಂದೂ, ಎಸಿಇಎಯ ಸಿ-3 ದರ್ಜೆಯಲ್ಲಿ 0.8 ಭಾಗವನ್ನು ಮೀರಬಾರದೆಂದೂ ನಿಯಮವಿದೆ. ಸಿಐ-4ರಲ್ಲಿ ಇಂತಹ ಮಿತಿಯಿಲ್ಲ. ಹಳೆಯ ಗಾಡಿಯನ್ನು ಕಾಪಾಡಿದ ಎಣ್ಣೆಯೇ ಹೊಸ ಗಾಡಿಯ ಕೊರಳು ಹಿಸುಕಿದುದು ಹೀಗೆ. ಅಜ್ಜನ ಕೀಲೆಣ್ಣೆಯಲ್ಲಿ ಬೂದಿ ಗುಣಕ್ಕಾಗಿತ್ತು. ಮೊಮ್ಮಗನ ಎಂಜಿನಿನಲ್ಲಿ ಅದೇ ಬೂದಿ ಶತ್ರು.

ಇನ್ನು ಸೇರ್ಪಡೆ ದ್ರವ್ಯದ ಮಾತು. ಒಳ್ಳೆಯ ಎಣ್ಣೆಯೆಂದರೆ ಬರಿಯ ಎಣ್ಣೆಯಲ್ಲ. ಅದರಲ್ಲಿ ಮಸಿಯನ್ನು ಮುದ್ದೆಗಟ್ಟದಂತೆ ತೇಲಿಸಿಡುವ ದ್ರವ್ಯ, ಆಮ್ಲವನ್ನು ಕೊಲ್ಲುವ ಕ್ಷಾರ, ನೊರೆಯನ್ನು ತಡೆಯುವ ಸಿಲಿಕೋನ್, ಕಾವಿನಲ್ಲಿ ತೀರ ನೀರಾಗದಂತೆ ಹಿಡಿದಿಡುವ ಪಾಲಿಮರ್, ಸವೆತವನ್ನು ತಡೆಯುವ ಸತುವು-ರಂಜಕಗಳ ಸಂಯುಕ್ತ ಇವೆಲ್ಲ ಮೊದಲೇ ಬೆರೆತಿರುತ್ತವೆ. ಕೊನೆಯದು 1940ರ ದಶಕದಿಂದ ಬಳಕೆಯಲ್ಲಿದೆ. ಇವನ್ನು ಒಂದಕ್ಕೊಂದು ತೂಗಿಸಿ, ಎಂಜಿನುಗಳಲ್ಲಿ ಪರೀಕ್ಷಿಸಿದ ಬಳಿಕವೇ ಡಬ್ಬಿಗೆ ದರ್ಜೆಯ ಗುರುತು ದೊರೆಯುವುದು. ಹದವಾಗಿ ಮಾಡಿದ ಸಾರಿಗೆ ದಾರಿಹೋಕನೊಬ್ಬನು ಮತ್ತೊಂದು ಹಿಡಿ ಉಪ್ಪು ಹಾಕಿದರೆ ಏನಾಗುವುದೋ, ಎಣ್ಣೆಗೆ ಹೊರಗಿನ ಸೀಸೆ ಸುರಿದರೂ ಅದೇ ಆದೀತು. ಸೀಸೆಯಲ್ಲಿ ಮತ್ತಷ್ಟು ಲೋಹವಿದ್ದರೆ ಬೂದಿಯೂ ಮತ್ತಷ್ಟು. ಅಮೆರಿಕದ ಸರಕಾರದ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲಿ ಇಂತಹ ಹಲವು ದ್ರವ್ಯಗಳ ಮಾರಾಟಗಾರರ ಮೇಲೆ, ಜಾಹೀರಾತಿನ ಮಾತುಗಳಿಗೆ ತಕ್ಕ ಆಧಾರವಿಲ್ಲವೆಂಬ ಕಾರಣದಿಂದ, ಕ್ರಮ ಕೈಗೊಂಡಿತು. ಆ ದೇಶದ ಕೊಳ್ಳುವವರೂ ನಮ್ಮಂತೆಯೇ ಮೋಸಹೋಗುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಎಣ್ಣೆ ಕಪ್ಪಾಯಿತೆಂದು ಗಾಬರಿಯಾಗಿ ಸೀಸೆ ಕೊಳ್ಳುವವರೂ ಉಂಟು. ಡೀಸೆಲ್ ಎಂಜಿನಿನಲ್ಲಿ ಎಣ್ಣೆ ಬೇಗನೆ ಕಪ್ಪಾಗುವುದು ಸಹಜ. ಅದು ಮಸಿಯನ್ನು ಹೊತ್ತು ತನ್ನ ಕೆಲಸ ಮಾಡುತ್ತಿದೆಯೆಂಬುದಕ್ಕೆ ಸಾಕ್ಷಿ. ನಿಜವಾಗಿ ಗಾಬರಿಪಡಬೇಕಾದುದು ಅಳತೆಯ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ತಗ್ಗಿದಾಗ. ಶೋಧಕವುಳ್ಳ ಗಾಡಿಯಲ್ಲಿ ಅದು ಏರಿದಾಗ ಸಹ. ಶೋಧಕವನ್ನು ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಉರಿಯದೆ ಕೆಳಗಿಳಿದು ಎಣ್ಣೆಯೊಡನೆ ಬೆರೆತರೆ ಮಟ್ಟ ಏರುತ್ತದೆ, ಎಣ್ಣೆ ತೆಳ್ಳಗಾಗುತ್ತದೆ. ಆಗ ಅದನ್ನು ಬದಲಿಸಲೇಬೇಕು. ಕೆಲವು ಗಾಡಿಗಳಲ್ಲಿ ಯೂರಿಯಾ ದ್ರಾವಣಕ್ಕೆ ಪ್ರತ್ಯೇಕವಾದ ತೊಟ್ಟಿಯುಂಟು, ನೂರಕ್ಕೆ 32.5 ಭಾಗ ಯೂರಿಯಾ ಇರುವ ಆ ದ್ರವವು ಹೊಗೆಯನ್ನು ಶುದ್ಧಮಾಡಲಿಕ್ಕೆ ಮಾತ್ರ. ಅದನ್ನು ಡೀಸೆಲಿಗಾಗಲಿ ಎಣ್ಣೆಗಾಗಲಿ ಎಂದಿಗೂ ಬೆರೆಸಕೂಡದು.

ಹೀಗಿರಲಾಗಿ ಕೊಳ್ಳುವವನ ಕರ್ತವ್ಯ ಸರಳವಾದುದು. ಗಾಡಿಯೊಡನೆ ಬಂದ ಕೈಪಿಡಿಯಲ್ಲಿ ಹೇಳಿದ ದಪ್ಪ, ಹೇಳಿದ ದರ್ಜೆ, ಇವೆರಡೂ ಡಬ್ಬಿಯ ಮೇಲಿವೆಯೇ ಎಂದು ನೋಡತಕ್ಕದ್ದು. ಎರಡೂ ಹೊಂದಿದರೆ ಯಾವ ಕಂಪನಿಯದಾದರೂ ಆಗಬಹುದು. ಒಂದು ಹೊಂದದಿದ್ದರೂ ಎಷ್ಟು ಬೆಲೆಯದಾದರೂ ಬೇಡ. ಮೊಹರು ಒಡೆಯದ ಡಬ್ಬಿಯನ್ನು ತನ್ನೆದುರಿಗೇ ಒಡೆಸಿ, ಬರಿದಾದ ಮೇಲೆ ಅದನ್ನು ಕೆಡಿಸಿಹಾಕಿದರೆ ಖೋಟಾ ಮಾಲಿನವರಿಗೆ ಆ ಡಬ್ಬಿ ಸಿಕ್ಕದು. ಧೂಳಿನ ದಾರಿ, ತುಂಬಿದ ಭಾರ, ಅಡಿಗಡಿಗೆ ನಿಲ್ಲುವ ಓಟ ಇವುಗಳಿಗೆ ಕೈಪಿಡಿಯಲ್ಲಿ ಕಠಿಣ ಬಳಕೆಯೆಂದು ಹೆಸರು. ಅಂತಹ ಗಾಡಿಯ ಎಣ್ಣೆಯನ್ನು ಬೇಗ ಬದಲಿಸಬೇಕು. ಸೀಸೆಗೆ ತೆರುವ ಹಣವನ್ನು ಇದಕ್ಕೆ ತೆತ್ತರೆ ಸಾರ್ಥಕ. ತೆಗೆದ ಎಣ್ಣೆಯನ್ನು ಹೊಲದ ಬದುವಿಗೆ ಚೆಲ್ಲದೆ ಗ್ಯಾರೇಜಿನ ಮೂಲಕ ಪುನಃಶುದ್ಧಿಗೆ ಕಳುಹಿಸಬೇಕು. 2016ರ ನಿಯಮಗಳಂತೆ ಅದು ಅಪಾಯಕಾರಿಯಾದ ತ್ಯಾಜ್ಯ.

ಇಷ್ಟನ್ನು ನಾವು ಗೊಟಗೋಡಿಯ ಒಡೆಯನಿಗೆ ಹೇಳಿದಾಗ ಆತನು ಸೀಟಿನ ಹಿಂದಿನಿಂದ ಕೈಪಿಡಿಯನ್ನು ತೆಗೆದುಕೊಟ್ಟನು. ಅದರ ಹೊದಿಕೆಯ ಮಡಿಕೆ ಕೂಡ ಮುರಿದಿರಲಿಲ್ಲ. ಬೇಕಾದ ಎರಡು ಸಾಲುಗಳು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿದ್ದವು, ಆದರೆ ಇಂಗ್ಲಿಷಿನಲ್ಲಿ. ಆತನು ಕನ್ನಡವನ್ನು ಚೆನ್ನಾಗಿ ಓದಬಲ್ಲವನು. ನಾವು ಆ ಎರಡು ಸಾಲುಗಳನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಟ್ಟೆವು. ಆತನು ಅದನ್ನು ಗಾಜಿನ ಮೂಲೆಗೆ ಅಂಟಿಸಿಕೊಂಡನು. ಪಟ್ಟಣದಲ್ಲಿರುವ ನಮ್ಮ ಅಡಿಗೆಮನೆಗೆ ಮೆಣಸಿನಕಾಯಿಯೂ ಕಾಯಿಪಲ್ಯವೂ ಬರುವುದು ಇಂಥವರ ಗಾಡಿಯಲ್ಲಿಯೇ. ಇಂಗ್ಲಿಷ್ ಓದಿದ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇಂತಹ ಒಬ್ಬ ಗಾಡಿಯವನ ಪರಿಚಯವಿದ್ದೇ ಇರುತ್ತದೆ. ಮುಂದಿನ ಸಲ ಆತನು ಬಾಗಿಲಿಗೆ ಬಂದಾಗ ಕೈಪಿಡಿಯನ್ನು ಕೇಳಿ ತೆಗೆಸಿ, ಆ ಎರಡು ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಡೋಣ. ಅದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಲಾರದು.