ಜಾಲತಾಣದ ಬಿಲ್ ಪಾವತಿಸುವ ಮುನ್ನ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯಿಂದ ಖಾನಾಪುರದ ಹಂಚಿನ ಭಟ್ಟಿಯವರೆಗೆ ಅನೇಕ ಸದಸ್ಯ ಬಾಂಧವರು ಇಂದು ಸ್ವಂತ ಜಾಲತಾಣ ಹೊಂದಿದ್ದಾರೆ. ಆದರೆ ಅದನ್ನು ಗಿರಾಕಿಗೆ ತೋರಿಸುವುದು ಬ್ರೌಸರ್ ಎಂಬ ತಂತ್ರಾಂಶ. ಬ್ರೌಸರಿನ ನಿಯಮ ಬದಲಾದರೆ ಜಾಲತಾಣವೂ ಬದಲಾಗಲೇಬೇಕು.

ಈ ಅನುಭವ ವರ್ತಕರಿಗೆ ಹೊಸತಲ್ಲ. ಒಂದು ಕಾಲಕ್ಕೆ ಹಲವು ಸರ್ಕಾರಿ ಜಾಲತಾಣಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಸರಿಯಾಗಿ ತೆರೆಯುತ್ತಿದ್ದವು. ಡಿಜಿಟಲ್ ಸಹಿಗೆ ಜಾವಾ ಪ್ಲಗ್-ಇನ್ ಬೇಕಾಗುತ್ತಿತ್ತು. ಸೆಪ್ಟೆಂಬರ್ 2015ರಲ್ಲಿ ಕ್ರೋಮ್ ಅಂತಹ ಪ್ಲಗ್-ಇನ್‌ಗಳನ್ನು ಸಂಪೂರ್ಣ ಕೈಬಿಟ್ಟಾಗ, ಸಹಿಗೆಂದೇ ಹಳೆಯ ಗಣಕಯಂತ್ರವೊಂದನ್ನು ನಮ್ಮ ಕಚೇರಿಯಲ್ಲಿ ಕಾಯ್ದಿರಿಸಬೇಕಾಯಿತು. ಜುಲೈ 2018ರಿಂದ ಕ್ರೋಮ್, ಎಚ್‌ಟಿಟಿಪಿಎಸ್ ಇಲ್ಲದ ಎಲ್ಲ ಜಾಲತಾಣಗಳನ್ನೂ ‘ಸುರಕ್ಷಿತವಲ್ಲ’ ಎಂದು ಗುರುತಿಸತೊಡಗಿತು. ಜೂನ್ 15, 2022ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟ್ ವಿದಾಯ ಹೇಳಿತು. ಈ ನಿರ್ಧಾರಗಳಲ್ಲಿ ನಮ್ಮ ಪಾತ್ರವಿರಲಿಲ್ಲ. ಖರ್ಚು ಮಾತ್ರ ನಮ್ಮದಾಯಿತು.

ಆದರೆ ಅದೇ ಬ್ರೌಸರ್ ನಮಗೊಂದು ತಪಾಸಣಾ ಸಾಧನವನ್ನೂ ಕೊಟ್ಟಿದೆ. 2006ರಲ್ಲಿ ಫೈರ್‌ಫಾಕ್ಸ್‌ಗೆ ಬಂದ ‘ಫೈರ್‌ಬಗ್’, ತೆರೆದ ಪುಟದ ಒಳರಚನೆಯನ್ನು ಪರೀಕ್ಷಿಸಿ ಅಲ್ಲಿಯೇ ತಿದ್ದಿ ನೋಡುವುದನ್ನು ಸುಲಭಗೊಳಿಸಿತು. ಇಂದು ಇಂತಹ ‘ಡೆವಲಪರ್ ಟೂಲ್ಸ್’ ಗಣಕದ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿಯೂ ಅಡಕವಾಗಿವೆ. ವಿಂಡೋಸ್ ಗಣಕದ ಕ್ರೋಮ್‌ನಲ್ಲಿ ಎಫ್12 ಕೀಲಿ ಒತ್ತಿದರೆ ಸಾಕು.

ಖಾನಾಪುರದ ನಮ್ಮ ಗ್ರಾಹಕರೊಬ್ಬರು ಹಂಚುಗಳ ಜಾಲತಾಣಕ್ಕೆ ಪೂರ್ಣ ಹಣ ಪಾವತಿಸಿದರೂ ವಿಚಾರಣೆಗಳು ಬರಲಿಲ್ಲ. ‘ನೆಟ್‌ವರ್ಕ್’ ವಿಭಾಗ ತೆರೆದಾಗ ಕಾರಣ ತಿಳಿಯಿತು: ಛಾಯಾಚಿತ್ರಗಳನ್ನು ಕುಗ್ಗಿಸದೆ ಏರಿಸಲಾಗಿತ್ತು, ಒಂದೊಂದೂ ನಾಲ್ಕೈದು ಎಂಬಿ. ತಯಾರಕರ ಕಚೇರಿಯ ವೇಗದ ಸಂಪರ್ಕದಲ್ಲಿ ಕ್ಷಣದಲ್ಲಿ ತೆರೆಯುತ್ತಿದ್ದ ಪುಟ, ದುರ್ಬಲ ಸಿಗ್ನಲಿನ ಮೊಬೈಲಿನಲ್ಲಿ ನಿಮಿಷ ಕಳೆದರೂ ತೆರೆಯುತ್ತಿರಲಿಲ್ಲ. ಅಷ್ಟು ಹೊತ್ತು ಕಾಯುವ ಗಿರಾಕಿ ಯಾರು?

ಆದುದರಿಂದ ಕೊನೆಯ ಕಂತು ನೀಡುವ ಮುನ್ನ ತಯಾರಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರಿಶೀಲಿಸಿರಿ:

1. ‘ಕನ್ಸೋಲ್’ನಲ್ಲಿ ಕೆಂಪು ದೋಷಸೂಚನೆಗಳಿದ್ದರೆ ವಿವರಣೆ ಕೇಳಿರಿ.
2. ‘ನೆಟ್‌ವರ್ಕ್’ನಲ್ಲಿ ನಿಧಾನಗತಿಯ ಸಂಪರ್ಕವನ್ನು ಆಯ್ದು, ಪುಟ ತೆರೆಯಲು ತಗಲುವ ಸಮಯ ಹಾಗೂ ಕಡತಗಳ ಗಾತ್ರ ನೋಡಿರಿ.
3. ಮೊಬೈಲ್ ಚಿಹ್ನೆ ಒತ್ತಿ, ದರಪಟ್ಟಿ ಮತ್ತು ದೂರವಾಣಿ ಸಂಖ್ಯೆ ಕಿರುಪರದೆಯಲ್ಲಿ ಓದಲು ಬರುತ್ತವೆಯೇ ಪರೀಕ್ಷಿಸಿರಿ.
4. ಇದು ಅನುಕರಣೆ ಮಾತ್ರ. ಆಂಡ್ರಾಯ್ಡ್ ಫೋನಿನಲ್ಲಿಯೂ ಐಫೋನಿನಲ್ಲಿಯೂ ಒಮ್ಮೆ ತೆರೆದು ನೋಡಿರಿ.

ಈ ನಾಲ್ಕು ಅಂಶಗಳನ್ನು ಖರೀದಿ ಆದೇಶದಲ್ಲಿಯೇ ಷರತ್ತುಗಳಾಗಿ ಬರೆಯಿಸಿರಿ. ಬ್ರೌಸರ್ ಬದಲಾದಾಗ ತಿದ್ದುಪಡಿಯ ವೆಚ್ಚ ಯಾರದೆಂಬುದೂ ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಸ್ಪಷ್ಟವಾಗಿರಲಿ. ಸರಕನ್ನು ತೂಗದೆ ಹಣ ಎಣಿಸದ ವರ್ತಕರು ಜಾಲತಾಣವನ್ನು ಮಾತ್ರ ತೂಗದೆ ಕೊಳ್ಳುವುದೇಕೆ?