ನಾಲ್ಕು ಸಾವಿರ ಎಲೆಯ ಲೆಕ್ಕ ಬರೆದಿಟ್ಟ ತಾತ

ಬಳ್ಳಾರಿ ಸೀಮೆಯಲ್ಲಿ ಮದುವೆ ಗೊತ್ತಾದರೆ ಕಲ್ಯಾಣ ಮಂಟಪಕ್ಕಿಂತ ಮೊದಲು ಅಡುಗೆಯವರ ಬಿಡುವು ಕೇಳುವ ಕಾಲವೊಂದಿತ್ತು. ಸಿರುಗುಪ್ಪದ ಕಡೆ ಹಳ್ಳಿಗಳಲ್ಲಂತೂ 'ತಾತ ಒಪ್ಪಿದ್ನಂತೆ' ಎಂದರೆ ಅದೇ ದೊಡ್ಡ ಸುದ್ದಿ. ಟೀವಿಯಲ್ಲಿ ಮುಖ ತೋರಿಸದೆ ಹೆಸರು ಮಾಡಿದ ಬಾಣಸಿಗ ಅವರು. ಪತ್ರಿಕೆಯಲ್ಲಿ ಹೆಸರು ಹಾಕಬೇಡ ಎಂದಿದ್ದರು. ಈಗ ಅವರಿಲ್ಲ, ಆ ಮಾತು ಹಾಗೇ ಇರಲಿ.

ನಾನು ಬರೆಯಬೇಕೆಂದುಕೊಂಡದ್ದು ಜಾತ್ರೆ, ಮದುವೆಗಳ ದೊಡ್ಡಡುಗೆಯ ಬಗ್ಗೆ. ಆದರೆ ತಾತನ ಹತ್ತಿರ ಎಳೆದುಕೊಂಡು ಹೋದದ್ದು ಅವರ ನೋಟ್‌ಬುಕ್ಕುಗಳು. ಎಣ್ಣೆ ಜಿಡ್ಡಿಗೆ ರಟ್ಟು ಕಪ್ಪಾಗಿದ್ದ ಉದ್ದ ಲೆಕ್ಕದ ಪುಸ್ತಕಗಳು. ಎಡಕ್ಕೆ ಎಲೆಗಳ ಸಂಖ್ಯೆ, ಬಲಕ್ಕೆ ಅಕ್ಕಿ, ಬೇಳೆ, ಬೆಲ್ಲ, ಉಪ್ಪು. ಹಳೆಯ ಪುಟಗಳಲ್ಲಿ ಸೇರಿನ ಲೆಕ್ಕ, ಆಮೇಲಿನವುಗಳಲ್ಲಿ ಕೆಜಿ. ಅಂಚಿನಲ್ಲಿ ಪೆನ್ಸಿಲ್ಲಿನ ಟಿಪ್ಪಣಿ: 'ಹೊಸ ಅಕ್ಕಿ, ನೀರು ಕಮ್ಮಿ', 'ಕಟ್ಟಿಗೆ ಹಸಿ, ತಾಸು ಮುಂಚೆ ಒಲೆ ಹಚ್ಚು', 'ಬೀಗರು ಖಾರ ಉಣ್ಣಂಗಿಲ್ಲ'. ಓದಲು ಕೂತರೆ ಒಂದೊಂದು ಪುಟವೂ ಒಂದು ಮದುವೆಯ ಕಥೆ.

ಗುಣಾಕಾರ ಮಾಡಿ ಅಡುಗೆ ಮಾಡಬಾರದು ಎನ್ನುವುದು ತಾತನ ಮೊದಲ ಪಾಠ. ಒಂದು ಸೇರು ಬೇಳೆಗೆ ಹಾಕುವ ನೀರನ್ನು ನೂರಕ್ಕೆ ಏರಿಸಿದರೆ ಸಾರು ನೀರುನೀರಾಗುತ್ತದೆ. ದೊಡ್ಡ ಕೊಪ್ಪರಿಗೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆ. ಒಲೆಯ ಕಟ್ಟಿಗೆ ಹಿರಿದ ಮೇಲೂ ಒಳಗಿನ ಕಾವಿಗೆ ಬೇಯುತ್ತಲೇ ಇರುತ್ತದೆ. ಅನ್ನವೂ ಅಷ್ಟೇ. ಪೂರ್ತಿ ಬೇಯುವುದಕ್ಕೆ ತುಸು ಮುಂಚೆ ಗಂಜಿ ಬಸಿದು ಚಾಪೆಯ ಮೇಲೆ ಹರವದಿದ್ದರೆ ಮುದ್ದೆಗಟ್ಟುತ್ತದೆ.

ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆಯ ಹೊತ್ತಿನಲ್ಲಿ ಅವರು ಗೋಧಿ ಹುಗ್ಗಿ ಮಾಡುವುದನ್ನು ಹತ್ತಿರ ನಿಂತು ನೋಡಿದ್ದೇನೆ. ನೀರು ಚಿಮುಕಿಸಿ ಕುಟ್ಟಿ, ಹೊಟ್ಟು ಕೇರಿದ ಗೋಧಿ ರಾತ್ರಿಯೆಲ್ಲ ನೆಂದಿತ್ತು. ನಸುಕಿಗೇ ಒಲೆ ಹೊತ್ತಿತು. ಇಬ್ಬರು ಹುಡುಗರು ಆಳೆತ್ತರದ ಹುಟ್ಟು ಹಿಡಿದು ತಳ ಹಿಡಿಯದಂತೆ ತಿರುವುತ್ತಿದ್ದರು. ಬಿಸಿಲೇರಿತು. ಬೆಲ್ಲದ ಪೆಂಟೆಗಳು ಪಕ್ಕದಲ್ಲೇ ಜಜ್ಜಿ ತಯಾರಿದ್ದವು, ತಾತ ಮಾತ್ರ ಹಾಕಲು ಬಿಡಲಿಲ್ಲ. ಆಗಾಗ ಒಂದು ಕಾಳು ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ನೋಡುತ್ತಿದ್ದರು. ನಡುವೆ ಬಿಳಿ ಚುಕ್ಕೆ ಕಂಡರೆ ತಲೆ ಅಲ್ಲಾಡಿಸುತ್ತಿದ್ದರು.

"ಬೆಲ್ಲ ಬಿದ್ದ ಮ್ಯಾಲೆ ಗೋಧಿ ಅರಳಂಗಿಲ್ಲ ತಮ್ಮಾ. ಎಷ್ಟು ಕುದಿಸಿದ್ರೂ ಅಲ್ಲಿಗೇ ನಿಂತ್ಬಿಡ್ತೈತಿ" ಎಂದರು. ಬೆಲ್ಲದ ಸಿಹಿಯೂ ಅದರೊಳಗಿನ ಸುಣ್ಣದ ಅಂಶವೂ ಕಾಳು ಮೆತ್ತಗಾಗುವುದನ್ನು ತಡೆಯುತ್ತವೆ ಎಂದು ಆಹಾರ ವಿಜ್ಞಾನವೂ ಹೇಳುತ್ತದೆ. ತಾತನಿಗೆ ಅದು ಬೆರಳಿನಲ್ಲೇ ಗೊತ್ತಿತ್ತು. ಕಾಳು ಒಡೆದು ಅರಳಿದ ಮೇಲೆ ಬೆಲ್ಲ, ಕೊನೆಗೆ ಒಣಕೊಬ್ಬರಿ, ಗಸಗಸೆ, ಏಲಕ್ಕಿ. ಉಳಿದ ಪಲ್ಯ, ಸಾರು ಯಾರು ಯಾವಾಗ ಮಾಡಿದರೋ ನಾನು ಗಮನಿಸಲೇ ಇಲ್ಲ.

ಇತಿಹಾಸ ಕೇಳಿದರೆ ತಾತ ತುಂಗಭದ್ರೆಯಿಂದ ಶುರು ಮಾಡುತ್ತಿದ್ದರು. 1953ರಲ್ಲಿ ಡ್ಯಾಮಿನಿಂದ ನೀರು ಹರಿಯಿತು, ಅದೇ ವರ್ಷ ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಸೇರಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಸಿರುಗುಪ್ಪದ ಎರೆ ಹೊಲಗಳು ಕಾಲುವೆ ಬಂದ ಮೇಲೆ ಭತ್ತದ ಗದ್ದೆಗಳಾದವು. ಅದಕ್ಕೂ ಮುಂಚೆ ಜಾತ್ರೆಯಲ್ಲಿ ಜೋಳದ ರೊಟ್ಟಿ, ನವಣೆ ಅನ್ನವೇ ಹೆಚ್ಚು, ಬಿಳಿ ಅನ್ನ ಹಬ್ಬದ ಊಟ ಎನ್ನುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಕುರುಗೋಡು ಆಳಿದ ಸಿಂದರು ಸಿಗುತ್ತಾರೆ. ಅವರು ಕಲ್ಯಾಣ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅರಮನೆ ಅಡುಗೆಯ ವರ್ಣನೆಯಿದೆ. ಅದಕ್ಕಿಂತ ಶತಮಾನ ಮೊದಲೇ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ಕನ್ನಡದ 'ಲೋಕೋಪಕಾರ'ದಲ್ಲಿ ಅಡುಗೆಗೆ ಜಾಗ ಕೊಟ್ಟಿದ್ದ. 16ನೇ ಶತಮಾನದ ಮೂರನೇ ಮಂಗರಸ ಇಡೀ 'ಸೂಪಶಾಸ್ತ್ರ'ವನ್ನೇ ಷಟ್ಪದಿಯಲ್ಲಿ ಬರೆದ, ಅದರಲ್ಲಿ ಬದನೆಕಾಯಿಯದೇ ಒಂದು ದರ್ಬಾರು. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದರೆ ತಾತ ಕೇಳಿದ್ದು ಒಂದೇ: "ಎಷ್ಟು ಮಂದಿಗೆ ಬರದಾನ?"

ಆ ಪ್ರಶ್ನೆ ಇವತ್ತಿಗೂ ಸರಿಯೆನಿಸುತ್ತದೆ. ನಾಲ್ಕು ಜನಕ್ಕೆ ಅಡುಗೆ ಹೇಳಿಕೊಡುವ ಪುಸ್ತಕಗಳು ಅಂಗಡಿ ತುಂಬ ಇವೆ. ನಾಲ್ಕು ಸಾವಿರ ಜನ ಉಣ್ಣುವ ಅಡುಗೆಯ ವಿದ್ಯೆ ಮಾತ್ರ ಇಂಥ ಜಿಡ್ಡಿನ ಪುಟಗಳಲ್ಲೇ ಉಳಿದಿದೆ. ಈಗ ಬಳ್ಳಾರಿ ನಗರದಲ್ಲಿ ಕೇಟರಿಂಗ್‌ನವರು ಪ್ಲೇಟಿಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತಾರೆ. ಗೋಬಿ ಮಂಚೂರಿ, ಪನೀರು, ಐಸ್‌ಕ್ರೀಮು ಇಲ್ಲದಿದ್ದರೆ ಬೀಗರು ಮುಖ ಸಿಂಡರಿಸುತ್ತಾರೆ. ಹುಗ್ಗಿಗೆ ಐದಾರು ತಾಸು ಒಲೆ ಮುಂದೆ ನಿಲ್ಲುವ ಹುಡುಗರು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ತಾತನ ಮಕ್ಕಳು ಬೇರೆ ಕಸುಬು ಹಿಡಿದರು. ಅದನ್ನು ತಪ್ಪೆನ್ನಲಾರೆ. ಹೊಗೆಗೆ ಕಣ್ಣು ಮಂಜಾದದ್ದನ್ನು ಮನೆಯವರೇ ಕಂಡವರು.

ತಾತ ಹೋದ ಮೇಲೆ ನೋಟ್‌ಬುಕ್ಕುಗಳಲ್ಲಿ ಕೆಲವು ಗೆದ್ದಲಿಗೆ ಹೋದವು. ಉಳಿದವು ಮನೆಯ ಅಟ್ಟದಲ್ಲಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಲ್ಲಿಗೆ ದೂರವೇನಲ್ಲ. ಹಸ್ತಪ್ರತಿ, ಜಾನಪದ ಸಂಗ್ರಹಿಸುವವರು ಅಡುಗೆಯವರ ಲೆಕ್ಕದ ಪುಸ್ತಕಗಳನ್ನೂ ಆ ಸಾಲಿಗೆ ಸೇರಿಸಿಕೊಳ್ಳಬೇಕು. ನಿಮ್ಮ ಮನೆಯಲ್ಲೂ ಇಂಥದೊಂದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಕನಿಷ್ಠ ಮೊಬೈಲಿನಲ್ಲಿ ಪುಟಪುಟವಾಗಿ ಫೋಟೋ ತೆಗೆದಿಡಿ.